ಗರುಡ ಬರೆದ ಕಾಡು

ಒಂದು ಕಾಡಿನಲ್ಲಿ ಕಾಡುಕೋಳಿಗಳ ಹಿಂಡೊಂದು ಹೊಸ ನೆಲೆ ಹುಡುಕುತ್ತಿತ್ತು. ಬೇಸಿಗೆಯ ಬೆಂಕಿಗೆ ಅವುಗಳ ಪೊದೆಗಳೆಲ್ಲ ಸುಟ್ಟುಹೋಗಿದ್ದವು. ಮೊಟ್ಟೆಯಿಡುವ ದಿನ ಹತ್ತಿರ ಬಂದಿತ್ತು. ಮರೆಯಿಲ್ಲದೆ ಮೊಟ್ಟೆ ಎಲ್ಲಿಡುವುದು? ಪಾಪ, ರೆಕ್ಕೆಯಿದ್ದರೂ ಕೋಳಿಗಳು ಕೊಂಬೆಗಿಂತ ಮೇಲೆ ಹಾರಿದವಲ್ಲ. ಹಸಿರು ಎಲ್ಲಿ ಉಳಿದಿದೆಯೋ ಅವಕ್ಕೆ ತಿಳಿಯದು.

ಕೆರೆಯ ಮೀನಲ್ಲದೆ ಬೇರೇನನ್ನೂ ಮುಟ್ಟದ ಗರುಡನಿಗೆ ಕನಿಕರವಾಯಿತು. “ಮೇಲಿಂದ ನೋಡಿ ಬರೆದುಕೊಡುತ್ತೇನೆ” ಎಂದ. ಬೆಳಿಗ್ಗೆ ಸೂರ್ಯ ಹುಟ್ಟುತ್ತಲೇ ಮೇಲೇರಿದ. ಬೆಟ್ಟಕ್ಕಿಂತಲೂ ಮೇಲೆ. ಅಲ್ಲಿ ಸದ್ದೇ ಇರಲಿಲ್ಲ. ಕೆಳಗೆ ಕಾಡು ಹಾಸಿದ ಕಂಬಳಿಯಂತೆ ಮಲಗಿತ್ತು. ಮರಗಳೆಲ್ಲ ಕೆರೆಯ ಕಡೆಗೆ ಉದ್ದುದ್ದ ನೆರಳು ಚಾಚಿದ್ದವು. ಗರುಡ ನಿಧಾನವಾಗಿ ಮೂರು ಸುತ್ತು ಹಾಕಿ ಇಳಿದ. ಕೊಕ್ಕಿನಲ್ಲಿ ಇದ್ದಿಲು ಹಿಡಿದು, ಬಿಳಿ ಬಂಡೆಯ ಮೇಲೆ ಕಂಡದ್ದನ್ನು ಕಂಡ ಹಾಗೇ ಬರೆದ, ನೆರಳನ್ನೂ ಬಿಡದೆ.

ಸಂಜೆ ಒಂದು ನರಿ ಎದ್ದು ಬಂತು. ಹಗಲೆಲ್ಲ ಗೊರಕೆ ಹೊಡೆಯುವ ಮಹಾಶಯ! ಚಿತ್ರದಲ್ಲಿ ತನ್ನ ಗುಹೆಯೂ ಇತ್ತು. ನರಿ ಅದನ್ನು ಬಾಲದಿಂದ ಒರೆಸಿ, ಅಲ್ಲೊಂದು ದಟ್ಟ ಪೊದೆ ಬರೆಯಿತು. ‘ನೆರಳಿಲ್ಲದಿದ್ದರೆ ಸಿಕ್ಕಿಬೀಳುತ್ತೇನೆ’ ಎಂದುಕೊಂಡು ಸುತ್ತ ನೋಡಿತು. ಮರಗಳ ನೆರಳು ಬೆಟ್ಟದ ಕಡೆಗೆ ಬಿದ್ದಿತ್ತು. ಹಾಗೇ ಬರೆದು ಮೀಸೆ ತಿರುವಿತು.

ಮರುದಿನ ಬೆಳಿಗ್ಗೆ ಕೋಳಿಗಳು ಬಂದವು. ಬಂಡೆಯ ಮೇಲೆ ಮೆಲ್ಲಗೆ ನಡೆದಾಡಿದವು.

“ಅಯ್ಯೋ, ಇದು ನಮ್ಮ ಹಳ್ಳವೇ? ಒಂದು ಎಳೆಯಷ್ಟಿದೆಯಲ್ಲ!” ಎಂದಳು ಹೊನ್ನಿ. ಅವಳು ಮೊಟ್ಟೆಯಿಡುವುದು ಇದೇ ಮೊದಲು. ಕಾಲ ಕೆಳಗೆ ಇಡೀ ಕಾಡಿತ್ತು. ತಾನೇ ಮುಗಿಲಲ್ಲಿ ತೇಲಿದ ಹಾಗೆ ಅವಳಿಗೆ ಕಣ್ಣು ತುಂಬಿಬಂತು.

ನರಿ ಆಕಳಿಸುತ್ತಾ ಮುಂದೆ ಬಂತು. ಕೋಳಿಗಳು ಹಾರಿ ಕೊಂಬೆ ಹಿಡಿದವು.

“ನನ್ನನ್ನು ನಂಬಬೇಡಿ ತಾಯಂದಿರಾ, ಚಿತ್ರವನ್ನು ನಂಬಿ. ನೋಡಿ, ಈ ಪೊದೆ ಎಷ್ಟು ದಟ್ಟವಾಗಿದೆ! ಗರುಡಣ್ಣ ಸುಳ್ಳು ಬರೆಯುತ್ತಾನೆಯೇ?”

“ಇಲ್ಲ, ಇಲ್ಲ” ಎಂದವು ಕೋಳಿಗಳು. ಹೊನ್ನಿ ಆಗಲೇ ಹೊರಟು ನಿಂತಳು.

“ತಡಿಯೇ ಮಗಳೇ” ಎಂದಳು ಚುಕ್ಕಜ್ಜಿ. ದಿನವೂ ಸೂರ್ಯನಿಗಿಂತ ಮೊದಲೇ ಏಳುವ ಮುದಿ ಕೋಳಿ ಅವಳು. “ಗರುಡಣ್ಣ ಹಾರಿದ್ದು ಬೆಳಿಗ್ಗೆ. ಆಗ ನೆರಳೆಲ್ಲ ಕೆರೆಯ ಕಡೆ ಬೀಳಬೇಕು. ಈ ಪೊದೆಯದೊಂದು ಮಾತ್ರ ಬೆಟ್ಟದ ಕಡೆಗೇಕಪ್ಪಾ ಬಿದ್ದಿದೆ?”

ನರಿ ತಡವರಿಸಿತು. “ಅದು... ಗಾಳಿ ಜೋರಾಗಿತ್ತು, ಅಜ್ಜಿ.”

“ಗಾಳಿಗೆ ನೆರಳು ಹಾರಿದ್ದನ್ನು ನಾನಂತೂ ಕಂಡಿಲ್ಲ” ಎಂದು ಅಜ್ಜಿ ಗರುಡನನ್ನು ಕೂಗಿ ಕರೆದಳು.

ಗರುಡ ಇಳಿದು ನೋಡಿದ. “ಇದು ನಾನು ಬರೆದದ್ದಲ್ಲ. ಅಲ್ಲಿರುವುದು ನರಿಯ ಗುಹೆ!” ಎಂದವನೇ ಪೊದೆಯನ್ನು ಅಳಿಸಿದ. ಗುಹೆಯನ್ನೂ ಅದರ ಎರಡು ಬಾಯಿಗಳನ್ನೂ ದೊಡ್ಡದಾಗಿ ಬರೆದ.

ಕೋಳಿಗಳು ಹಳ್ಳದಾಚೆಯ ಬಿದಿರು ಮೆಳೆಯನ್ನು ಆರಿಸಿಕೊಂಡವು. ಈ ಸಲ ಚುಕ್ಕಜ್ಜಿ ಮೊದಲು ನಡೆದು ಹೋಗಿ ನೋಡಿ ಬಂದಳು. ಮೆಳೆಯ ತಂಪಿನಲ್ಲಿ ಹೊನ್ನಿ ಐದು ಮೊಟ್ಟೆಯಿಟ್ಟಳು.

ಇತ್ತ ಮೊಲ, ಜಿಂಕೆ, ಗೌಜಲಕ್ಕಿ, ಎಲ್ಲವೂ ಬಂಡೆಯ ಚಿತ್ರ ನೋಡಿಹೋದವು. ಗುಹೆಯ ಹತ್ತಿರ ಒಂದು ಇಲಿಯೂ ಸುಳಿಯಲಿಲ್ಲ. ಬಾಗಿಲಿಗೇ ಬೇಟೆ ಬರಲೆಂದು ನರಿ ಆರು ದಿನ ಕಾದಿತು. ಏಳನೆಯ ದಿನ ಬರಿಹೊಟ್ಟೆಯಲ್ಲಿ ಕಾಡು ಬಿಟ್ಟು ಹೋಯಿತು.

ನೀತಿ: ನಿಜದ ನಡುವೆ ಬಚ್ಚಿಟ್ಟ ಸುಳ್ಳು, ಗಮನವಿಟ್ಟು ನೋಡುವವರ ಕಣ್ಣು ತಪ್ಪಿಸಲಾರದು.