ಮಂಡಿಯೂರಿದ ತುಂಬೆ

ಮಕ್ಕಳೇ, ಮುತ್ತುಗದ ಮರಗಳ ಒಂದು ಕಾಡಿತ್ತು. ಕಾಡಿನ ನಡುವೆ ಒಂದು ಕೆರೆ, ಕೆರೆಯ ಮಗ್ಗುಲಲ್ಲಿ ಅಗಲವಾದ ಹುಲ್ಲುಬಯಲು. ಆ ಬಯಲಿನಲ್ಲಿ ಕಾಟಿಗಳ ಹಿಂಡೊಂದು ಮೇಯುತ್ತಿತ್ತು. ಕಾಟಿ ಎಂದರೆ ಕಾಡುಕೋಣ. ಮೈಯೆಲ್ಲ ಕಪ್ಪು, ಮೊಣಕಾಲಿನಿಂದ ಕೆಳಗೆ ಮಾತ್ರ ಬಿಳಿ ಕಾಲುಚೀಲ ತೊಟ್ಟ ಹಾಗೆ.

ಹಿಂಡಿನ ಯಜಮಾನ ಗುಡ್ಡಯ್ಯ. ಹೆಸರಿಗೆ ತಕ್ಕ ಹಾಗೆ ಗುಡ್ಡದಂಥ ಮೈ. ತಾನು ಯಾರ ಮುಂದೆಯೂ ಮಂಡಿಯೂರಿದವನಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಮೆಲುಕು ಹಾಕುವಾಗ ಅವನೂ ಮಲಗುತ್ತಿದ್ದ, ಆದರೆ ಅದು ಲೆಕ್ಕಕ್ಕಿಲ್ಲವಂತೆ. "ಇನ್ನೊಬ್ಬರ ಎದುರು ಮಂಡಿಯೂರಿದವರು ನನ್ನ ಹಿಂಡಿನವರಲ್ಲ" ಎಂದು ಮೂರು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಮೇವು ಸೇರುತ್ತಿರಲಿಲ್ಲ. ಉಳಿದವರು ತಲೆಯಾಡಿಸುತ್ತಿದ್ದರು. ಗುಡ್ಡಯ್ಯನ ಕೊಂಬಿನ ಮುಂದೆ ವಾದ ಮಾಡುವವರು ಯಾರು?

ಅದೇ ಹಿಂಡಿನಲ್ಲಿ ತುಂಬೆ ಎಂಬ ಹೆಣ್ಣು ಕಾಟಿ ಇದ್ದಳು. ಎಲ್ಲರೂ ಕುಡಿದ ಮೇಲೆ ನೀರು ಕುಡಿಯುವವಳು, ದಾರಿಯಲ್ಲಿ ಯಾರಾದರೂ ಎದುರಾದರೆ ಪಕ್ಕಕ್ಕೆ ಸರಿಯುವವಳು. ಒಂದು ದಿನ ಕಾಡಂಚಿನಲ್ಲಿ ಮೇಯುವಾಗ, ಹಂದಿಗಳಿಗೆಂದು ಯಾರೋ ಕಟ್ಟಿದ್ದ ತಂತಿಯ ಉರುಳಿಗೆ ಅವಳ ಬಲ ಮುಂಗಾಲು ಸಿಕ್ಕಿತು. ಜಗ್ಗಿ ಜಗ್ಗಿ ಗೂಟವನ್ನೇನೋ ಕಿತ್ತುಕೊಂಡು ಬಂದಳು. ತಂತಿ ಮಾತ್ರ ಕಾಲಿನಲ್ಲೇ ಉಳಿಯಿತು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಕಾಲು ಬಾತು, ತಂತಿ ಮಾಂಸದೊಳಗೆ ಹೂತುಹೋಯಿತು. ನೊಣಗಳು ಮುತ್ತತೊಡಗಿದವು.

ಇದನ್ನು ಕಾಡಿನ ಕಾವಲುಗಾರರು ಕಂಡು ವಸುಮತಿ ಎಂಬ ಪಶುವೈದ್ಯೆಯನ್ನು ಕರೆತಂದರು. ದೂರದಿಂದಲೇ ನಿದ್ದೆಯ ಸೂಜಿ ಹಾರಿಸಿ, ಪ್ರಾಣಿ ಮಲಗಿದ ಮೇಲೆ ಹತ್ತಿರ ಬಂದು ಮದ್ದು ಮಾಡುವುದು ಅವರ ಕೆಲಸ. ಎರಡು ಸಲ ಬಂದರು. ಎರಡು ಸಲವೂ ಜೀಪಿನ ಸದ್ದು ಕೇಳಿದ್ದೇ ತಡ ಗುಡ್ಡಯ್ಯ ಹಿಂಡನ್ನು ಓಡಿಸಿಬಿಟ್ಟ. ತುಂಬೆ ಮೂರು ಕಾಲಿನಲ್ಲಿ ಹಿಂದೆ ಹಿಂದೆ ಓಡಿದಳು. ಎರಡನೆಯ ಸಲ ಗಾಯ ಒಡೆದು ರಕ್ತ ಸೋರಿತು. ಅಂದಿನಿಂದ ನಾಲ್ಕು ಸೀಳುನಾಯಿಗಳು ಪೊದೆಯ ನೆರಳಿನಲ್ಲಿ ಕುಳಿತು ಅವಳನ್ನೇ ನೋಡತೊಡಗಿದವು. ಅವಕ್ಕೆ ಅವಸರವೇನೂ ಇರಲಿಲ್ಲ.

ಒಂದು ಮಧ್ಯಾಹ್ನ ತುಂಬೆ ಕುಂಟುತ್ತಾ ಕೆರೆಗೆ ಬಂದಳು. ಅಲ್ಲಿ ಸೀಳುಗಿವಿ ಎಂಬ ಮುದಿ ಆನೆ ಮೈಗೆ ಕೆಸರು ಎರಚಿಕೊಳ್ಳುತ್ತಿದ್ದಳು. ಅವಳು ತುಂಬೆಯ ಕಾಲನ್ನು ನೋಡಿದಳು, ಪೊದೆಯ ಕಡೆಗೂ ನೋಡಿದಳು. ಆ ಸೂಜಿ ಹಾಕಿಸಿಕೊಳ್ಳಬಾರದೇಕೆ ಎಂದು ಕೇಳಿದಳು. ತುಂಬೆ ಗುಡ್ಡಯ್ಯನ ಕಟ್ಟಳೆಯನ್ನು ಹೇಳಿದಳು. ತನಗೂ ಭಯವಿದೆ, ಮಲಗಿದವಳು ಏಳದಿದ್ದರೆ ಏನು ಗತಿ ಎಂದಳು.

ಆನೆ ನಗಲಿಲ್ಲ. ಒಂದು ಕಾಲದಲ್ಲಿ ಅವಳ ಹೊಟ್ಟೆಯ ಪಕ್ಕದಲ್ಲಿ ಕೀವುಗಡ್ಡೆ ಎದ್ದಿತ್ತು, ಆಗ ಅವಳಿಗೂ ಆ ಸೂಜಿ ಬಿದ್ದಿತ್ತು. ಕಾಲು ಸೋತುಹೋದದ್ದು, ಕಣ್ಣಿಗೆ ಬಟ್ಟೆ ಬಿದ್ದದ್ದು, ಆಮೇಲೆ ಏನೂ ಗೊತ್ತಾಗದೆ ಹೋದದ್ದು, ಮತ್ತೊಂದು ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಎಚ್ಚರವಾದದ್ದು, ಎಲ್ಲವನ್ನೂ ಹೇಳಿದಳು.

"ಭಯ ಸುಳ್ಳಲ್ಲ, ಮಗಳೇ. ಏಳದೆ ಹೋದವರೂ ಇದ್ದಾರೆ" ಎಂದಳು ಸೀಳುಗಿವಿ. "ಹೊಟ್ಟೆ ಬಿರಿಯ ಮೇಯ್ದು ಬಿದ್ದವರ ಗಂಟಲಿಗೆ ಮೆಲುಕು ಬಂದು ಉಸಿರು ಕಟ್ಟುತ್ತದೆ. ಬಿಸಿಲಿನಲ್ಲಿ ಓಡಿ ಓಡಿ ಬಿದ್ದವರ ಮೈ ಕಾದುಹೋಗುತ್ತದೆ. ನೀರಿಗೆ ಇಳಿದವರಂತೂ ನಿದ್ದೆಯಲ್ಲೇ ಮುಳುಗುತ್ತಾರೆ. ಅವರು ಬರುವ ಹಿಂದಿನ ಸಂಜೆಯಿಂದ ಮೇಯಬೇಡ. ತಂಪು ಹೊತ್ತಿನಲ್ಲಿ ಬಯಲಲ್ಲಿ ನಿಲ್ಲು. ಸೂಜಿ ಬಿದ್ದರೆ ಓಡಬೇಡ. ಉಳಿದದ್ದನ್ನು ಆ ವೈದ್ಯೆ ನೋಡಿಕೊಳ್ಳುತ್ತಾಳೆ."

ತುಂಬೆ ಅಂದು ಸಂಜೆ ಹುಲ್ಲಿಗೆ ಬಾಯಿ ಹಾಕಲಿಲ್ಲ. ಅವಳ ಬೆನ್ನ ಮೇಲೆ ಕೂರುವ ಬೆಳ್ಳಕ್ಕಿ, ಜೀಪು ಕಾಡಂಚಿಗೆ ಬಂದು ನಿಂತಿದೆ, ಬೆಳಗ್ಗೆ ಬರುತ್ತಾರೆ ಎಂಬ ಸುದ್ದಿ ತಂದಿತು. ತುಂಬೆ ನೇರವಾಗಿ ಗುಡ್ಡಯ್ಯನ ಬಳಿಗೆ ಹೋಗಿ, ನಾಳೆ ತಾನು ಓಡುವುದಿಲ್ಲ ಎಂದು ತಿಳಿಸಿದಳು.

ಗುಡ್ಡಯ್ಯ ಮೊದಲು ನಂಬಲಿಲ್ಲ. ಆಮೇಲೆ ಬುಸುಗುಟ್ಟಿದ. ಕಾಟಿಯ ಮಾನ ಕಳೆಯುತ್ತೀಯಾ ಎಂದು ಕೇಳಿದ. ಇದು ಬರೀ ಗಾಯ, ಕೆರೆಯ ನೀರಿನಲ್ಲಿ ನಿಂತರೆ ಎಲ್ಲವೂ ವಾಸಿಯಾಗುತ್ತದೆ ಎಂದ. ಹತ್ತು ದಿನ ನಿಂತಿದ್ದೇನೆ, ವಾಸಿಯಾಗಿಲ್ಲ ಎಂದಳು ತುಂಬೆ. ಹಾಗಾದರೆ ನಾಳೆಯಿಂದ ನೀನು ಹಿಂಡಿನವಳಲ್ಲ ಎಂದ ಅವನು. ಹಿಂಡು ನೋಡುತ್ತಿತ್ತು. ಈಗ ಇವಳು ತಲೆ ತಗ್ಗಿಸುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ತುಂಬೆ ತಲೆ ತಗ್ಗಿಸಲಿಲ್ಲ, ಹೋಗಿ ಬಯಲಿನ ನಡುವೆ ಒಬ್ಬಳೇ ನಿಂತಳು.

ಬೆಳಗಾಯಿತು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ವಸುಮತಿ ಮತ್ತು ಮೂವರು ಕಾವಲುಗಾರರು ಜೀಪನ್ನು ದೂರ ನಿಲ್ಲಿಸಿ, ಮಾತಿಲ್ಲದೆ ನಡೆದು ಬಂದರು. ಹಿಂಡು ದಡದಡನೆ ಓಡಿತು. ತುಂಬೆ ಅಲುಗಲಿಲ್ಲ. 'ಟಪ್' ಎಂದು ಸದ್ದಾಯಿತು. ಕೆಂಪು ಕುಚ್ಚಿನ ಸೂಜಿಯೊಂದು ಅವಳ ತೊಡೆಗೆ ನಾಟಿತು.

ಅದನ್ನು ಕಂಡ ಗುಡ್ಡಯ್ಯ ಓಡುತ್ತಿದ್ದವನು ತಿರುಗಿ ಬಂದ. ನೇರವಾಗಿ ತುಂಬೆಯ ಪಕ್ಕೆಗೆ ಹಣೆ ಕೊಟ್ಟು ಕೆರೆಯತ್ತ ನೂಕತೊಡಗಿದ. ನೀರಿಗಿಳಿದರೆ ಆ ವಿಷ ತೊಳೆದುಹೋಗುತ್ತದೆ, ನಡೆ ಎಂದು ಗದರಿದ. ನಿಜ ಹೇಳಬೇಕೆಂದರೆ ಅವನಿಗೆ ಅವಳ ಸಾವು ಬೇಕಿರಲಿಲ್ಲ. ತನ್ನ ಮಾತು ಸೋಲಬಾರದು, ಅಷ್ಟೇ.

ತುಂಬೆ ನಾಲ್ಕು ಹೆಜ್ಜೆ ಜಾರಿದಳು. ಕೆರೆಯ ನೀರು ಹತ್ತಿರದಲ್ಲೇ ಹೊಳೆಯುತ್ತಿತ್ತು. ಅವಳ ಕಣ್ಣು ಆಗಲೇ ಮಂಜಾಗುತ್ತಿತ್ತು. ಆಗ ಅವಳು ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿದಳು. ತಿರುಗಿ ನಿಂತು, ಗುಡ್ಡಯ್ಯನಿಗೇ ಕೊಂಬು ಒಡ್ಡಿದಳು.

"ದಾರಿ ಬಿಡಿ, ಅಣ್ಣ. ಕಾಲು ನನ್ನದು, ನೋವು ನನ್ನದು. ಎಲ್ಲಿ ಮಂಡಿಯೂರಬೇಕು ಎಂಬುದನ್ನೂ ನಾನೇ ನೋಡಿಕೊಳ್ಳುತ್ತೇನೆ. ನಿಮಗೆ ಹೆದರಿ ನೀರಿಗೆ ಬೀಳುವುದಿಲ್ಲ."

ಗುಡ್ಡಯ್ಯ ಮತ್ತೊಮ್ಮೆ ನುಗ್ಗಲು ಕಾಲು ಕೆರೆದ. ಅಷ್ಟರಲ್ಲಿ ಹಿಂಡಿನಿಂದ ಇಬ್ಬರು ಹೆಣ್ಣು ಕಾಟಿಗಳು ಬಂದು, ಕೆರೆಗೂ ತುಂಬೆಗೂ ನಡುವೆ ಅಡ್ಡ ನಿಂತರು. ಗುಡ್ಡಯ್ಯ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ. ಯಾರೂ ಕಣ್ಣು ಕೆಳಗೆ ಹಾಕಲಿಲ್ಲ. ಆ ಅವಮಾನ ತಡೆಯಲಾರದೆ ಅವನು ಕಾಡಂಚಿನತ್ತ ಓಡಿಹೋದ.

ತುಂಬೆಯ ಮಂಡಿ ಮಡಚಿತು. ಅವಳು ಬಯಲಿನಲ್ಲೇ ಮೆಲ್ಲನೆ ಕುಸಿದಳು. ಇಬ್ಬರು ಹೆಣ್ಣು ಕಾಟಿಗಳು ಮರಗಳವರೆಗೆ ಹಿಂದೆ ಸರಿದು, ಅಲ್ಲಿದ್ದ ಹಿಂಡಿನೊಂದಿಗೆ ನೋಡುತ್ತಾ ನಿಂತರು.

ಮುಂದಿನದನ್ನೆಲ್ಲ ಬೆಳ್ಳಕ್ಕಿ ಹತ್ತಿರದಿಂದ ಕಂಡಿತು. ವಸುಮತಿ ಮೊದಲು ಗಾಯವನ್ನು ಮುಟ್ಟಲೇ ಇಲ್ಲ. ತುಂಬೆ ಪಕ್ಕಕ್ಕೆ ವಾಲದಂತೆ ಎದೆಯ ಮೇಲೆ ಕೂರಿಸಿ, ಎರಡೂ ಕಡೆ ಮರಳಿನ ಚೀಲ ಒತ್ತುಗೊಟ್ಟರು. ತಲೆಯನ್ನು ಎತ್ತರಕ್ಕಿಟ್ಟು, ಜೊಲ್ಲು ಹೊರಗೆ ಸುರಿಯುವಂತೆ ಮೂತಿಯನ್ನು ಕೆಳಮುಖ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿ ಕಿವಿಗೆ ಹತ್ತಿ ಇಟ್ಟರು. ಒಬ್ಬ ಕಾವಲುಗಾರ ಬೇರೇನೂ ಮಾಡದೆ ಅವಳ ಉಸಿರನ್ನು ಎಣಿಸುತ್ತಾ ಕುಳಿತ. ಇನ್ನೊಬ್ಬ ಅವಳ ಮೈಗೆ ತಣ್ಣೀರು ಹಾಕುತ್ತಿದ್ದ. ಇಷ್ಟೆಲ್ಲ ಆದ ಮೇಲೆ ವಸುಮತಿ ತಂತಿಯನ್ನು ಕತ್ತರಿಸಿ ಎಳೆದರು. ಕೀವು ಹರಿದು ಹೋಯಿತು. ಗಾಯ ತೊಳೆದು ಮದ್ದು ತುಂಬಿದರು.

ಕೆಲಸ ಮುಗಿಯುವ ಹೊತ್ತಿಗೆ ಉಸಿರು ಎಣಿಸುತ್ತಿದ್ದವನು, ಉಸಿರು ನಿಧಾನವಾಗುತ್ತಿದೆ ಎಂದ. ವಸುಮತಿ ಗಡಿಬಿಡಿ ಮಾಡಲಿಲ್ಲ, ತಡವನ್ನೂ ಮಾಡಲಿಲ್ಲ. ಎಲ್ಲರನ್ನೂ ಹಿಂದೆ ಕಳಿಸಿ, ಬಟ್ಟೆ ಮತ್ತು ಹತ್ತಿ ತೆಗೆದು, ತುಂಬೆಯ ಕಿವಿಯ ನರಕ್ಕೆ ಎಚ್ಚರದ ಮದ್ದು ಚುಚ್ಚಿದರು. ಅವರೂ ಓಡಿಹೋಗಿ ಜೀಪಿನ ಮರೆಗೆ ನಿಂತರು. ಬೆಳ್ಳಕ್ಕಿಗೆ ರೆಕ್ಕೆ ಆಡಿಸಲೂ ಮನಸ್ಸಾಗಲಿಲ್ಲ.

ತುಂಬೆಯ ಕಿವಿ ಒಮ್ಮೆ ಅಲುಗಿತು. ಮತ್ತೊಮ್ಮೆ ಅಲುಗಿತು. ಅವಳು ಉದ್ದಕ್ಕೆ ಉಸಿರೆಳೆದು, ತಲೆ ಕೊಡವಿ, ಎದ್ದು ನಿಂತಳು. ತೂರಾಡಿದಳು, ಆದರೆ ಬೀಳಲಿಲ್ಲ. ಹತ್ತು ದಿನಗಳ ನಂತರ ಬಲ ಮುಂಗಾಲನ್ನು ನೆಲಕ್ಕೆ ಊರಿದಳು. ಪೊದೆಯಲ್ಲಿದ್ದ ಸೀಳುನಾಯಿಗಳು ಒಂದೊಂದಾಗಿ ಎದ್ದು ಹೋದವು.

ಅಷ್ಟರಲ್ಲಿ ಕಾಡಂಚಿನಿಂದ ಗುಡ್ಡಯ್ಯನ ಕೂಗು ಕೇಳಿಸಿತು. ಸಿಟ್ಟಿನಲ್ಲಿ ನೆಲ ನೋಡದೆ ಓಡಿದವನ ಹಿಂಗಾಲಿಗೆ ಅಂಥದೇ ಇನ್ನೊಂದು ಉರುಳು ಬಿದ್ದಿತ್ತು. ಈ ಸಲದ ಗೂಟ ಗಟ್ಟಿಯಾಗಿತ್ತು. ಅವನು ಎಗರಿದ, ಒದ್ದ, ನೆಲ ಅಗೆದ. ತಂತಿ ಬಿಗಿಯುತ್ತಾ ಹೋಯಿತು. ವಸುಮತಿ ಜೀಪಿನಲ್ಲಿದ್ದ ಇನ್ನೊಂದು ಸೂಜಿಯನ್ನು ಸಿದ್ಧಮಾಡಿಕೊಂಡು ಬಂದರು. ಆದರೆ ಅವನು ಹೀಗೆ ಕುಣಿಯುತ್ತಿರುವಾಗ ಹಾರಿಸಿದರೆ ಸೂಜಿ ಎಲ್ಲಿ ನಾಟುತ್ತದೋ ಹೇಳಲಾಗದು. ಅವನ ಮೈ ಬೇರೆ ಬಿಸಿಯೇರುತ್ತಿತ್ತು. ಅವರು ಮರದ ಮರೆಯಲ್ಲಿ ಕಾಯುತ್ತಾ ನಿಂತರು.

ತುಂಬೆ ನಿಧಾನವಾಗಿ ನಡೆದು ಅವನ ಎದುರಿಗೆ ಬಂದಳು, ಹಿಂಡು ಅವಳ ಹಿಂದೆ ಬಂದು ದೂರದಲ್ಲಿ ನಿಂತಿತು. ಎಗರಬೇಡಿ, ಎಗರಿದಷ್ಟೂ ತಂತಿ ಒಳಕ್ಕೆ ಹೋಗುತ್ತದೆ ಎಂದು ಹೇಳಿದಳು.

ಗುಡ್ಡಯ್ಯ ಏದುಸಿರು ಬಿಡುತ್ತಾ ಹಿಂಡಿನ ಕಡೆ ನೋಡಿದ. "ಎಲ್ಲರೂ ಇಲ್ಲೇ ಇದ್ದಾರೆ, ತುಂಬೆ. ನಾನು ಬೀಳುವುದನ್ನು ನೋಡುತ್ತಾರೆ."

"ನೋಡಲಿ" ಎಂದಳು ತುಂಬೆ. "ನಾನು ಬಿದ್ದದ್ದನ್ನೂ ನೋಡಿದರು. ಎದ್ದದ್ದನ್ನೂ ನೋಡಿದರು."

ಗುಡ್ಡಯ್ಯ ಮತ್ತೊಮ್ಮೆ ಹಿಂಡಿನ ಕಡೆ ನೋಡಿದ. ಆಮೇಲೆ ಒದೆಯುವುದನ್ನು ನಿಲ್ಲಿಸಿದ. ಸೂಜಿ ಬಂದು ನಾಟಿದಾಗ ಕಣ್ಣು ಮುಚ್ಚಿಕೊಂಡ. ಆ ಗುಡ್ಡದಂಥ ಮೈ ಮೊದಲು ಮುಂದಿನ ಮಂಡಿಯ ಮೇಲೆ, ಆಮೇಲೆ ಹಿಂದಿನ ಮಂಡಿಯ ಮೇಲೆ ಇಳಿಯಿತು. ಹಿಂಡಿನವರು ಯಾರೂ ನಗಲಿಲ್ಲ.

ಕಾವಲುಗಾರರು ಅವನ ಕಾಲಿನ ತಂತಿ ಬಿಚ್ಚಿದರು. ಕಾಡಂಚಿನಲ್ಲಿ ಉಳಿದಿದ್ದ ಉರುಳುಗಳನ್ನೆಲ್ಲ ಹುಡುಕಿ ಕಿತ್ತು ಜೀಪಿಗೆ ತುಂಬಿದರು. ಗುಡ್ಡಯ್ಯ ಎದ್ದ ಮೇಲೆ ತುಂಬೆಗೆ ಕ್ಷಮಿಸು ಎನ್ನಲಿಲ್ಲ. ಅಂಥ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಆದರೆ ಹಿಂಡು ಕೆರೆಗೆ ಹೊರಟಾಗ ಅವನು ದಾರಿಯ ಪಕ್ಕಕ್ಕೆ ಸರಿದು ನಿಂತ. ತುಂಬೆ ಅವನನ್ನು ದಾಟಿಕೊಂಡು ಹೋಗಿ, ಎಲ್ಲರಿಗಿಂತ ಮೊದಲು ನೀರಿಗೆ ಬಾಯಿಟ್ಟಳು.

ನೀತಿ: ಹಟ ಹಿಡಿದು ನಿಲ್ಲಲು ಮೈಬಲ ಸಾಕು, ವಾಸಿಯಾಗುವುದಕ್ಕಾಗಿ ಮಂಡಿಯೂರಲು ಎದೆಗಾರಿಕೆ ಬೇಕು.