ಯಮನಪ್ಪ ತಲಿ ತಗ್ಗಿಸಿ ಹೇಳಿದ ಉತ್ತರ

"ಕೇಳ್ರಪ್ಪೋ ಕೇಳ್ರಿ! ದೊರಿ ಮಗಳು ಮೂರು ಒಗಟು ಹಾಕ್ತಾಳ, ಮೂರಕ್ಕೂ ಒಂದೇ ಉತ್ತರ. ಒಡದಾವಗ ಮಗಳ ಕೈ, ಅರ್ಧ ರಾಜ್ಯ. ತಪ್ಪಿದಾವನ ತಲಿ ಹೊತ್ತು ಮುಣುಗೂದ್ರಾಗ ಕಡೀತಾರ!"

ಡಂಗುರ ಕೇಳಿ ಯಮನಪ್ಪ ರೊಟ್ಟಿ ತಾಟು ಸರಿಸಿದ. ಆ ರೊಟ್ಟಿ ಮೊದಲ ಅವನ ಗಂಟಲದಾಗ ಇಳೀತಿರಲಿಲ್ಲ. ಯಾಕ ಅಂತೀರಿ? ಊರೆಲ್ಲಾ ಗೋದಿ ಬಿತ್ತಾಕತ್ತಿದ್ರ ಈ ಮಾರಾಯ ಗರಡಿಮನ್ಯಾಗ ಮಣ್ಣು ಬಳಕೊಂಡು ತೊಡಿ ತಟ್ಟಕೋತ ಕುಂತಿದ್ದ. ತಡಾ ಮಾಡಿ ಬಿತ್ತಿದ. ಮಂದಿ ರಾಶಿ ಮಾಡೂ ಹೊತ್ತಿಗೆ ಇವನ ಹೊಲದಾಗ ಇನ್ನೂ ಬಲೀಲಾರದ ಹಾಲಗಾಳು, ಮ್ಯಾಲೆ ಬೆಂಕಿ ಬಿಸಲು.

"ಪೈಲ್ವಾನರ, ಸೂರ್ಯಪ್ಪನ ಕೂಡ ಕುಸ್ತಿ ಹಿಡೀತೀರೇನ್ರಿ?" ಅಂತ ಓಣಿ ಹೆಣ್ಣಮಕ್ಕಳು ಕಿಸಕ್ಕಂತಿದ್ರು. ಮಾರಿ ತೋರಸಲಾರದ ಅವ ದಿನಾ ಬದುವಿನ ಮ್ಯಾಲೆ ಕುಂತು ಬೆಳೀನೇ ನೋಡತಿದ್ದ.

"ನೀ ಉಂಡೀಯೇನಬೇ?" ಅಂತ ತಾಟು ಸರಿಸಿದಾವ ಅವ್ವನ್ನ ಕೇಳಿದ.

"ನಂದಾತಪ್ಪ, ನೀ ಉಣ್ಣು," ಅಂದ್ಲು ಅವ್ವ ಸತ್ತೆವ್ವ. ದಿನಾ ಅದೇ ಮಾತು.

ಗೆದ್ರ ಅವ್ವಗ ಅನ್ನ, ಸೋತ್ರ ಒಂದು ಹೊಟ್ಟಿ ಭಾರ ಕಡಿಮಿ. ಹೊಂಟ.

ಅರಮನ್ಯಾಗ ದೊರಿ ಮಗಳು ಕೇಳಿದ್ಲು, "ಬಿಸಲೇರಿದ್ರ ಚಾಪಿ ಸುತ್ತತಾಳ, ತಂಪಾದ್ರ ಹಾಸತಾಳ. ಯಾರಾಕಿ?"

"ನೈದಿಲಿ ಹೂವು!" ಅಂದ ದೇಸಾಯರ ಮಗ, ಮೀಸಿ ತಿರುವಿ.

"ಎರಡನೇದು ಕೇಳು: ಮೈತುಂಬ ಬೂದಿ ಬಳಕೊಂಡಾಳ, ಸನ್ಯಾಸಿ ಅಲ್ಲ. ನಿಮ್ಮ ನೈದಿಲಿ ಬೂದಿ ಬಳಕೋತದೇನು?"

ಮೀಸಿ ಇಳೀತು. ಸೆರಿಮನಿಗೆ ಎಳಕೊಂಡು ಹ್ವಾದ್ರು.

"ಬೂದಗುಂಬಳ!" ಅಂತ ಹಾರಿದ ಸಾವಕಾರನ ಮಗ.

"ಚಾಪಿ ಸುತ್ತೂ ಕುಂಬಳಕಾಯಿ ಯಾವ ಸಂತ್ಯಾಗ ನೋಡೀದಿ?"

ಅವನೂ ಹ್ವಾದ.

ಯಮನಪ್ಪ ಮುಂದ ಬಂದ. "ಮೂರನೇದು ಹೇಳ್ರಿ, ದೊರಸಾನಿಯವರ."

"ಮೈಯಾಗ ಕೂಡಿಟ್ಟ ಸವಿಯೆಲ್ಲಾ ತಲಿಮ್ಯಾಲಿನ ಮಕ್ಕಳಿಗೆ ಉಣಸಿ, ತಾ ನಿಂತಲ್ಲೇ ಒಣಗತಾಳ."

ಯಮನಪ್ಪ ತಲಿ ತಗ್ಗಿಸಿದ. ಅವ್ವನ ಮೊಣಕೈತನಕ ಜಾರೂ ಬಳಿ ಕಣ್ಣಮುಂದ ಬಂದ್ವು.

"ಗೋದಿರಿ," ಅಂದ. "ಬಿಸಲು ಜೋರಾದ್ರ ಮೈನೀರು ಆರಬಾರದಂತ ಎಲಿ ಸುರುಳಿ ಸುತ್ತತೈತಿ, ತಂಪಾದ್ರ ಬಿಚ್ಚತೈತಿ. ಮ್ಯಾಲಿನ ಬೂದಿ ಮೇಣದ್ದು, ಬಿಸಲು ಹೊಳ್ಳಿಸಿ ಒಗೀತೈತಿ. ಎಲಿ ಸುಟ್ಟು ತೆನಿಗೆ ಉಣಸೂದು ನಿಂತ್ರ, ದಂಟು ತಾ ಕೂಡಿಟ್ಟದ್ದನ್ನ ತೆನಿಗೆ ಕೊಟ್ಟು ಟೊಳ್ಳಾಗತೈತಿ. ಅದಕ್ಕ ನಮ್ಮ ಹೊಲದಾಗ ಸಣ್ಣ ಕಾಳರ ಉಳದ್ವು."

"ಉತ್ತರ ಖರೇ ಐತಿ. ಮತ್ತ ತಲಿ ಯಾಕ ತಗ್ಗಿಸೀದಿ?"

"ಬಿತ್ತಾಕ ತಡಾ ಮಾಡಿದಾವ ನಾನ್ರಿ. ಟೊಳ್ಳಾದಾಕಿ ಬ್ಯಾರೆ."

ದೊರಿ ಮಗಳು ಕುಂತಲ್ಲಿಂದ ಎದ್ದು ಬಂದ್ಲು.

"ಏನ ಬೇಡ್ತಿ?"

"ಮೊದಲ ಆ ಇಬ್ಬರನ್ನ ಬಿಡ್ರಿ. ಆಮ್ಯಾಲೆ ಒಂದು ತಾಟು ಗೋದಿ ಹುಗ್ಗಿ ಮಾಡಸ್ರಿ, ನಮ್ಮವ್ವನ್ನ ಕರಸ್ರಿ."

ಸತ್ತೆವ್ವ ಸೆರಗು ಹೊಚ್ಚಕೊಂಡು ಗಾಬರಿಲೆ ಬಂದ್ಲು. ತುಪ್ಪ ಸುರುವಿದ ಹುಗ್ಗಿ ನೋಡಿದ್ಲು, ಮಗನ್ನ ನೋಡಿದ್ಲು. "ನಂದಾತಪ್ಪ, ನೀ ಉಣ್ಣು," ಅಂದ್ಲು.

"ಇಲ್ಲಬೇ. ನಿಂದಾಗಿಲ್ಲ," ಅಂದ ಯಮನಪ್ಪ. ಎಲ್ಲಾರ ಮುಂದ ಅಳಕೋತ ಮೊದಲನೇ ತುತ್ತು ಅವ್ವನ ಬಾಯಾಗಿಟ್ಟ.

ಮದವಿ, ಅರ್ಧ ರಾಜ್ಯ ಎಲ್ಲಾ ಆತು, ಅದನ್ನ ಯಾರ್ನ ಕೇಳಿದ್ರೂ ಹೇಳ್ತಾರ. ಆದ್ರ ಯಮನಪ್ಪ ದೊರಿ ಆದ ಮ್ಯಾಲೂ ಅವ್ವನ ತಾಟು ನೋಡಲಾರದ ತನ್ನ ತಾಟಿಗೆ ಕೈ ಹಚ್ಚಲಿಲ್ಲ.