ಮುನಿಸವ್ವನ ಹೊಂಡ

ಸವಳಗಟ್ಟಿಯಲ್ಲಿ ಎಷ್ಟು ಆಳ ತೋಡಿದರೂ ಬಾವಿಗೆ ಬರುವುದು ಸವುಳು ನೀರೇ. ಆದರೂ ಊರ ಪಡುವಣಕ್ಕೆ ಸಿಹಿನೀರಿನ ಒಂದು ಹೊಂಡವಿದೆ. ಅದರ ಸುತ್ತಲಿನ ಓಣಿಯ ಮನೆಗಳನ್ನು ನೋಡಿದವರು ಹುಬ್ಬೇರಿಸುತ್ತಾರೆ. ಅಲ್ಲಿನ ಮಣ್ಣಿನ ಮಾಳಿಗೆ ಸೂರುಗಳೆಲ್ಲ ಒಳಗಿನ ಅಂಗಳಕ್ಕೆ ವಾಲಿವೆ. ಮಳೆ ಹೊಯ್ದರೆ ನೀರು ಅಂಗಳದ ಕಲ್ಲುತೊಟ್ಟಿಗೆ ಬಿದ್ದು, ತುಂಬಿ ಮಿಕ್ಕಿದ್ದು ಹಿತ್ತಲ ಕಾಲುವೆ ಹಿಡಿದು ಹೊಂಡ ಸೇರುತ್ತದೆ. ಬೀದಿಗೆ ಒಂದು ಹನಿಯೂ ಬೀಳುವುದಿಲ್ಲ. ಬೀದಿಗೆ ಬೆನ್ನು ಹಾಕಿದ ಈ ಮನೆಗಳ ಹಿಂದೆ ಒಬ್ಬ ಹೆಂಗಸಿನ ಸಿಟ್ಟಿದೆ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಮಳೆಯನ್ನು ಮನೆಯೊಳಗೆ ಕರೆದುಕೊಂಡಿದ್ದು ದೇಸಾಯರ ವಾಡೆ ಒಂದೇ. ಅದರ ತೊಟ್ಟಿಯಲ್ಲಿ ವರ್ಷವಿಡೀ ಸಿಹಿನೀರು. ಮಿಕ್ಕ ಮನೆಗಳ ಸೂರಿನಂಚಿಗೆ ಚಾಚಿದ ಕಲ್ಲಿನ ದೋಣಿಗಳು ಮಾಳಿಗೆಯ ನೀರನ್ನು ಬೀದಿಗೆ ಸುರಿಯಬೇಕು, ಬೀದಿಯ ನೀರು ದೇಸಾಯರ ತೋಟಕ್ಕೆ ಹರಿಯಬೇಕು. ಬಡವರ ಮನೆಯೊಳಗೆ ಸೂರಿನ ನೀರು ಬಿದ್ದರೆ, ಕೊಡದಲ್ಲಿ ಹಿಡಿದು ತಂದರೂ, ದರಿದ್ರ ಹೊಕ್ಕಂತೆ ಎಂದು ವಾಡೆಯವರು ಹಬ್ಬಿಸಿದ್ದರು. ಹಬ್ಬಿಸಿದವರು ಕಳ್ಳರು, ಸರಿ. ತಲೆತಲಾಂತರದಿಂದ ಅದನ್ನು ನಂಬಿ ಸವುಳು ಕುಡಿದವರಿಗೆ ಏನನ್ನಬೇಕು?

ಕಲ್ಲವ್ವನೂ ನಂಬಿದವಳೇ. ಮಾಳಿಗೆಗೆ ಮಣ್ಣು ತುಳಿಯುವ ಕೆಲಸ ಅವಳದು. ವಾಡೆಯ ಮಾಳಿಗೆಯನ್ನೂ ಅವಳೇ ತುಳಿದಿದ್ದಳು. ಮಗ ದಂಡಿಗೆ ಹೋದವನು ತಿರುಗಿ ಬಂದಿರಲಿಲ್ಲ. ಮನೆಯಲ್ಲಿ ಇದ್ದವಳು ಸೊಸೆ ನೀಲವ್ವ ಒಬ್ಬಳೇ, ತುಂಬಿದ ಬಸುರಿ. ಬಿರುಬೇಸಿಗೆಯಲ್ಲಿ ಹೆತ್ತ ನೀಲವ್ವನಿಗೆ ಬಾಣಂತಿ ಜ್ವರ ಏರಿತು, ಕೂಸು ಉಳಿಯಲಿಲ್ಲ. ಸವುಳು ನೀರಿನ ಗಂಜಿ ಅವಳ ಗಂಟಲಲ್ಲಿ ಇಳಿಯಲೊಲ್ಲದು. ಕಲ್ಲವ್ವ ಕೊಡ ಹೊತ್ತು ವಾಡೆಯ ಬಾಗಿಲಿಗೆ ಹೋದಳು.

ತೂಗುಮಂಚದಿಂದ ಏಳದೆಯೇ ದೇಸಾಯಿ ಅಂದ: "ಇವತ್ತು ನಿನಗೊಂದು ಕೊಡ ಕೊಟ್ರ, ನಾಳೆ ಇಡೀ ಊರು ಬಾಗಿಲಿಗೆ ಬರ್ತದ. ಹೋಗು."

ನೀಲವ್ವ ಸಿಹಿನೀರು, ಸಿಹಿನೀರು ಎಂದು ಕನವರಿಸುತ್ತಲೇ ಸತ್ತಳು. ಕಲ್ಲವ್ವ ಅಳಲಿಲ್ಲ. ಮೊದಲ ಮಳೆ ಬಿದ್ದ ದಿನ, ತನ್ನ ಮನೆಯ ದೋಣಿಯಿಂದ ಸಿಹಿನೀರು ಧೋ ಎಂದು ಬೀದಿಗೆ ಸುರಿಯುವುದನ್ನು ಕಂಡಾಗ ಅವಳ ಮೈಯೆಲ್ಲ ಉರಿದುಹೋಯಿತು. ಗುದ್ದಲಿ ಹಿಡಿದು ಮಾಳಿಗೆ ಹತ್ತಿದಳು, ದೋಣಿಯನ್ನು ಕಿತ್ತು ಒಳಗಿನ ಅಂಗಳದ ಕಡೆಗೆ ಇಟ್ಟಳು, ಸುರಿಯುವ ಮಳೆಯಲ್ಲೇ ಮಣ್ಣು ತುಳಿದು ಇಳಿಜಾರು ತಿರುಗಿಸಿದಳು.

"ಸೂರಿನ ನೀರು ಒಳಗ ಬಿದ್ರ ಮನಿ ಉಳೀತದೇನಬೇ ಯವ್ವಾ?" ಎಂದು ಓಣಿಯವರು ಗಾಬರಿಯಾದರು.

"ಉಳಿಯಾಕ ನನ್ನ ಮನ್ಯಾಗ ಯಾರದಾರ? ಅವರ ಮನ್ಯಾಗ ಬಿದ್ರ ಗಂಗವ್ವ, ನಮ್ಮ ಮನ್ಯಾಗ ಬಿದ್ರ ದರಿದ್ರ ಏನು? ನಿಮ್ಮ ಸೊಸ್ತ್ಯಾರೂ ಸಾಯಲಿ, ಆಗ ತಿಳೀತದ."

ವಾಡೆಯ ಆಳುಗಳು ಬಂದು ದೋಣಿಯನ್ನು ಕಿತ್ತು ಒಡೆದರು. ಅವಳು ಮರದ ದೋಣಿ ಇಟ್ಟಳು. ಅದನ್ನೂ ಮುರಿದರು; ಬರೀ ಮಣ್ಣಿನಲ್ಲೇ ದಾರಿ ಮಾಡಿದಳು. ಆ ಹೊತ್ತಿಗೆ ಓಣಿಯ ಬಸುರಿಯರು ತಮ್ಮ ತಮ್ಮ ಗಂಡಂದಿರನ್ನು ಮಾಳಿಗೆ ಹತ್ತಿಸಿದ್ದರು. ಒಂದೊಂದೇ ದೋಣಿ ಒಳಗೆ ತಿರುಗಿತು. ಇಡೀ ಓಣಿಯೇ ತಿರುಗಿಬಿದ್ದ ಮೇಲೆ ಆಳುಗಳು ಎಷ್ಟು ಮನೆ ಒಡೆದಾರು?

ಜಡಿಮಳೆಯಲ್ಲೂ ತೋಟದ ಕಾಲುವೆ ಬತ್ತಿದ್ದನ್ನು ಕಂಡು ದೇಸಾಯಿ ತಾನೇ ಬಂದು ಬೀದಿಯಲ್ಲಿ ನಿಂತ. "ಓಣಿ ನಂದು. ಓಣಿ ನೀರು ಎಲ್ಲಿ?" ಎಂದು ಗದರಿದ.

"ಓಣಿ ನಿಮ್ದ ಐತ್ರಿ ಧಣಿ," ಕಲ್ಲವ್ವ ಕಟ್ಟೆಯಿಂದ ಇಳಿಯದೆ ಅಂದಳು, "ತಗೊಂಡು ಹೋಗ್ರಿ."

ಮಿಕ್ಕ ನೀರಿಗೆಂದು ಓಣಿಯವರು ಹಿತ್ತಲಲ್ಲಿ ಹೊಂಡ ತೋಡಿದರು. ಮುದುಕಿಯಾದ ಮೇಲೂ ಕಲ್ಲವ್ವ ಅದರ ಒಂದು ಗುಟುಕನ್ನೂ ಕುಡಿಯಲಿಲ್ಲ. ಇನ್ನಾದರೂ ಸಿಟ್ಟು ಬಿಡು ಎಂದವರಿಗೆ, "ನೀಲಿ ಕುಡೀಲಿಲ್ಲ," ಎಂದಷ್ಟೇ ಹೇಳುತ್ತಿದ್ದಳಂತೆ. ಅವಳು ಸತ್ತ ಮೇಲೆ ಜನ ಅವಳನ್ನು ಮುನಿಸವ್ವ ಎಂದು ಕರೆದರು. ಹೊಂಡಕ್ಕೂ ಅದೇ ಹೆಸರು ನಿಂತಿತು.

ವಾಡೆ ಬಿದ್ದು ಈಗ ಅಲ್ಲಿ ಔಡಲ ಗಿಡಗಳು ಬೆಳೆದಿವೆ. ಹೊಂಡದ ದಂಡೆಯಲ್ಲಿ ಮಾತ್ರ ಅಂದು ಆಳುಗಳು ಒಡೆದ ದೋಣಿಯ ತುಂಡು ವಾಡೆಗೆ ಬೆನ್ನು ಮಾಡಿ ನಿಂತಿದೆ. ಕುಂಕುಮವಿದೆ, ಹೂವಿದೆ, ಆದರೆ ಆ ಕಲ್ಲಿಗೆ ಯಾರೂ ನೀರೆರೆಯುವುದಿಲ್ಲ. ತಿಳಿಯದ ಯಾತ್ರಿಕರು ಕೈಯಲ್ಲಿ ತಂಬಿಗೆ ಹಿಡಿದು ಬಂದರೆ ಅಲ್ಲಿನ ಹೆಂಗಸರು ತಡೆದು, ಆ ನೀರನ್ನು ಊರಲ್ಲಿ ಬಾಣಂತಿ ಇರುವ ಮನೆಗೆ ಕೊಟ್ಟು ಬನ್ನಿ ಎಂದು ಕಳಿಸುತ್ತಾರೆ.